ಎರಡೆಕರೆ ಉಳಿಸಿದ ಡಿಗ್ರಿ

ಪಿಯುಸಿ ಮುಗಿದಾಗ ಅಪ್ಪ ಅಂದಿದ್ದರು, "ಎರಡೆಕರೆ ಮಾರಿದ್ರೂ ಪರ್ವಾಗಿಲ್ಲ, ಇಂಜಿನಿಯರ್ ಆಗು." ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೆ ಮಾತುಕತೆಯೂ ಆಗಿತ್ತು. ಅಷ್ಟರಲ್ಲಿ ಸಿಇಟಿ ಪಟ್ಟಿಯಲ್ಲಿ ರಾಯಚೂರು ಕೃಷಿ ವಿವಿಯ ಬಿ.ಟೆಕ್ ಕೃಷಿ ಇಂಜಿನಿಯರಿಂಗ್ ಕಣ್ಣಿಗೆ ಬಿತ್ತು. ಕಡಿಮೆ ಶುಲ್ಕ, ರೈತರ ಮಕ್ಕಳಿಗೆ ಕೋಟಾ ಬೇರೆ. ಸೇರಿಬಿಟ್ಟೆ.

ನಾಲ್ಕು ವರ್ಷ ಟ್ರ್ಯಾಕ್ಟರ್, ನೀರಾವರಿ, ಧಾನ್ಯ ಸಂಸ್ಕರಣೆ ಕಲಿತೆ. ನಿಜ ಹೇಳ್ತೀನಿ, ಮುಗಿದ ತಕ್ಷಣ ಐಟಿಯಷ್ಟು ಸಂಬಳ ಸಿಗಲಿಲ್ಲ. ಗೇಟ್‌ನಲ್ಲಿ ನಮ್ಮ ವಿಷಯಕ್ಕೇ ಪ್ರತ್ಯೇಕ ಪತ್ರಿಕೆ ಇದೆ, ಬರೆದೆ. ಎಂ.ಟೆಕ್ ಓದುವಾಗ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬಂತು. ಈಗ ಹನಿ ನೀರಾವರಿ ಕಂಪನಿಯೊಂದರಲ್ಲಿ ಡಿಸೈನರ್.

ಸೀಟು ಹುಡುಕುವಾಗ ಸಂಬಳ ಮಾತ್ರ ನೋಡ್ಬೇಡಿ. ಓದು ಮುಗಿದಾಗ ತಲೆ ಮೇಲೆ ಎಷ್ಟು ಸಾಲ ಇರುತ್ತೆ ಅಂತಲೂ ಲೆಕ್ಕ ಹಾಕಿ. ಮಾರದೆ ಉಳಿದ ಆ ಎರಡೆಕರೆಗೆ ಕಳೆದ ಬೇಸಿಗೆಯಲ್ಲಿ ನಾನೇ ಡ್ರಿಪ್ ಪೈಪ್ ಎಳೆದೆ.