ಬೆನ್ನೆಲುಬಿನ ಬಿರುಕೂ ಕೊನೆಯ ಓವರೂ

ಕಳೆದ ವರ್ಷ ಚಳಿಗಾಲದಲ್ಲಿ ಭಾಲ್ಕಿಯಲ್ಲಿ ಒಂದು ಕ್ರಿಕೆಟ್ ಪಂದ್ಯ ನಡೆಯಿತು. ಎದುರಾಳಿಗಳಿಗೆ ಕೊನೆಯ ಓವರಿನಲ್ಲಿ ಒಂಬತ್ತು ಓಟಗಳು ಬೇಕಾಗಿದ್ದುವು. ಬೀದರಿನ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಚೆಂಡನ್ನು ಕೈಗೆ ತೆಗೆದುಕೊಂಡನು. ಅವನು ಔರಾದ್ ತಾಲ್ಲೂಕಿನ ರೈತರ ಮಗ, ಹದಿನೆಂಟು ವರ್ಷದವನು, ಎತ್ತರದ ಆಳು, ಬಲಗೈ ವೇಗದ ಬೌಲರು. ನಾಲ್ಕನೆಯ ಎಸೆತವಾದ ಮೇಲೆ ಅವನು ಸೊಂಟದ ಎಡಭಾಗವನ್ನು ಹಿಡಿದುಕೊಂಡು ಒಂದು ಕ್ಷಣ ನಿಂತುದನ್ನು ನಾವು ಕಂಡೆವು. ಉಳಿದ ಎರಡು ಎಸೆತಗಳನ್ನೂ ಹಾಕಿದನು, ಪಂದ್ಯವನ್ನೂ ಗೆದ್ದುಕೊಟ್ಟನು. ಮುಂದಿನ ವಾರ ಪ್ರಯೋಗಶಾಲೆಯಲ್ಲಿ ಲೋಲಕದ ಗುಂಡು ಕೆಳಗೆ ಬಿದ್ದಾಗ ಅದನ್ನು ಎತ್ತಿಕೊಳ್ಳಲು ಅವನಿಗೆ ಬಾಗಲಾಗಲಿಲ್ಲ.

ಸೊಂಟ ಹಿಡಿದಿದೆ ಎಂದು ಮನೆಯವರು ಎಣ್ಣೆ ತಿಕ್ಕಿದರು, ಶಾಖ ಕೊಟ್ಟರು. ಮೂರು ವಾರಗಳಲ್ಲಿ ನೋವು ಮಾಯವಾಯಿತು. ಆಗ ಅವನು ನಮ್ಮಲ್ಲಿಗೆ ಬಂದು, “ನೋವು ಪೂರಾ ಹೋಗ್ಯಾದ್ರಿ ಸರ್, ಐತವಾರ ಮ್ಯಾಚಿಗಿ ಹೋಗ್ಲಿ ಏನ್ರಿ?” ಎಂದು ಕೇಳಿದನು. ಮುಂದಿನ ತಿಂಗಳು ವಲಯದ ತಂಡಕ್ಕೆ ಆಯ್ಕೆಯಿತ್ತು. ಹತ್ತೊಂಬತ್ತರೊಳಗಿನವರ ಆಯ್ಕೆ, ಅದು ತಪ್ಪಿದರೆ ಮತ್ತೆ ಆ ವಯಸ್ಸು ಬರುವುದಿಲ್ಲ. ನಾವು ವೈದ್ಯರಲ್ಲ, ಭೌತಶಾಸ್ತ್ರ ಕಲಿಸುವವರು. ಆದರೂ ಅವನ ಪ್ರಶ್ನೆಯಲ್ಲಿ ಅರ್ಧಭಾಗ ನಮ್ಮ ಶಾಸ್ತ್ರಕ್ಕೇ ಸೇರಿದುದೆಂದು ತೋರಿತು. ಆ ಅರ್ಧವನ್ನು ವಾಚಕರ ಮುಂದೆಯೂ ಇಡುತ್ತೇವೆ.

ವೇಗದ ಬೌಲರನ ಶರೀರಕ್ಕೆ ಪೆಟ್ಟು ಎಲ್ಲಿಂದ ಬರುತ್ತದೆ? ಚೆಂಡನ್ನು ಎಸೆಯುವ ಶ್ರಮದಿಂದ ಎಂದು ಬಹುಮಂದಿ ಹೇಳುವರು. ಲೆಕ್ಕ ಹಾಕಿ ನೋಡೋಣ. ಕ್ರಿಕೆಟ್ ಚೆಂಡಿನ ತೂಕ ಸುಮಾರು ೧೬೦ ಗ್ರಾಂ. ಗಂಟೆಗೆ ೧೪೦ ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು ೩೯ ಮೀಟರು. ಈ ವೇಗದಲ್ಲಿ ಚೆಂಡಿನ ಚಲನಶಕ್ತಿ ಸುಮಾರು ೧೨೦ ಜೂಲ್. ಇನ್ನು ಬೌಲರನನ್ನೇ ನೋಡಿರಿ. ಅವನ ತೂಕ ೭೫ ಕಿಲೋಗ್ರಾಂ ಇದ್ದು, ಸೆಕೆಂಡಿಗೆ ೬ ಮೀಟರಿನಂತೆ ಓಡಿಬಂದರೆ ಅವನ ಚಲನಶಕ್ತಿ ೧,೩೫೦ ಜೂಲ್! ಚೆಂಡಿನದಕ್ಕಿಂತ ಹನ್ನೊಂದು ಪಟ್ಟು. ಹೀಗೆ ಓಡಿಬಂದ ದೇಹವು ಮುಂಗಾಲನ್ನು ನೆಲಕ್ಕೆ ಊರಿ ಥಟ್ಟನೆ ತಡೆದುಕೊಳ್ಳುತ್ತದೆ. ಹಾಗೆ ತಡೆದುಕೊಂಡಾಗಲೇ ಮೇಲಿನ ಭಾಗ ಮುಂದಕ್ಕೆ ಚಿಮ್ಮಿ ಕೈಗೆ ವೇಗ ಬರುವುದು. ಬಂಡಿಯ ಗಾಲಿಗೆ ಕಲ್ಲು ತಡೆದರೆ ಮೇಲೆ ಕುಳಿತವನು ಮುಂದಕ್ಕೆ ಎಗರುವನಲ್ಲವೆ, ಅದೇ ನ್ಯಾಯ.

ಆ ಕ್ಷಣದಲ್ಲಿ ನೆಲವು ಮುಂಗಾಲನ್ನು ಒತ್ತುವ ಬಲ ದೇಹದ ತೂಕದ ಐದು ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಎಂದು ಅಳೆದು ನೋಡಿದ್ದಾರೆ. ಐದೇ ಪಟ್ಟು ಎಂದುಕೊಂಡರೂ ೭೫ ಕಿಲೋಗ್ರಾಮಿನವನಿಗೆ ಅದು ಮುಕ್ಕಾಲು ಕಡಿಮೆ ನಾಲ್ಕಲ್ಲ, ಮೂರೂ ಮುಕ್ಕಾಲು ಕ್ವಿಂಟಲಿನ ಭಾರ. ಈ ಭಾರ ಇರುವುದು ಸೆಕೆಂಡಿನ ಕೆಲವೇ ನೂರನೆಯ ಭಾಗಗಳಷ್ಟು ಹೊತ್ತು, ನಿಜ. ಆದರೆ ಅದು ಪ್ರತಿ ಎಸೆತಕ್ಕೂ ಬರುತ್ತದೆ. ನಾಲ್ಕು ಓವರುಗಳಲ್ಲಿ ೨೪ ಎಸೆತಗಳು. ಒಟ್ಟು ೯೦ ಕ್ವಿಂಟಲು. ದಿನಕ್ಕೆ ಇಪ್ಪತ್ತು ಓವರು ಎಸೆದರೆ ೪೫೦ ಕ್ವಿಂಟಲು. ಭಾಲ್ಕಿಯ ಮಾರುಕಟ್ಟೆಯಲ್ಲಿ ತೊಗರಿಯ ಚೀಲಗಳ ರಾಶಿಯನ್ನು ಕಂಡವರಿಗೆ ಈ ಸಂಖ್ಯೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದರಿನ ಜಂಬಿಟ್ಟಿಗೆಯ ಕೆಂಪು ನೆಲವಾಗಲಿ, ಸಿಮೆಂಟಿನ ಮೇಲೆ ಚಾಪೆ ಹಾಸಿದ ಅಂಕಣವಾಗಲಿ ಹುಲ್ಲಿನ ಅಂಕಣದಷ್ಟು ತಗ್ಗಿಕೊಡುವುದಿಲ್ಲ ಎಂಬುದನ್ನೂ ಮರೆಯಲಾಗದು.

ಈ ಬಲ ಕಾಲಿನಲ್ಲಿ ನಿಲ್ಲದೆ ಸೊಂಟಕ್ಕೆ ಏರುತ್ತದೆ. ಅದೇ ಗಳಿಗೆಯಲ್ಲಿ ಬಲಗೈ ಬೌಲರನ ನಡು ಎಡಕ್ಕೆ ಬಾಗಿ, ಹಿಂದಕ್ಕೆ ಮಣಿದು, ತಿರುಚಿಕೊಂಡಿರುತ್ತದೆ. ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಐದು ಮಣಿಗಳಿವೆ. ಅವುಗಳಲ್ಲಿ ಕೆಳಗಿನ ಎರಡರ ಹಿಂಬದಿಯಲ್ಲಿ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಸೇರಿಸುವ ಒಂದು ಸಣ್ಣ ಎಲುಬಿನ ಸೇತುವೆಯುಂಟು. ಬಾಗಿದ ಕಡೆಯ ಸೇತುವೆಯೇ ಹೆಚ್ಚು ನಲುಗುವುದು. ಆದುದರಿಂದಲೇ ಬಲಗೈಯವರಿಗೆ ಬಿರುಕು ಸಾಮಾನ್ಯವಾಗಿ ಎಡಗಡೆ ಕಾಣಿಸಿಕೊಳ್ಳುತ್ತದೆ. ನಮ್ಮ ಹುಡುಗನು ಹಿಡಿದುಕೊಂಡುದೂ ಎಡಭಾಗವನ್ನೇ.

ಬಿರುಕುಗಳಲ್ಲಿ ಎರಡು ಬಗೆ. ಬೀದರಿನ ಸಮೀಪದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಸಮಾಧಿಯನ್ನು ನೋಡಿದವರು ಮೊದಲನೆಯದನ್ನು ಬಲ್ಲರು: ಸಿಡಿಲು ಹೊಡೆದು ಗುಮ್ಮಟ ಒಂದೇ ಪೆಟ್ಟಿಗೆ ಸೀಳಿಹೋಗಿದೆ. ಎರಡನೆಯದು ದಣಿವಿನ ಬಿರುಕು. ಒಂದು ಕಬ್ಬಿಣದ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಅದೇ ಜಾಗದಲ್ಲಿ ಹತ್ತಾರು ಸಲ ಹಿಂದೆಮುಂದೆ ಬಗ್ಗಿಸಿದರೆ ಕೊನೆಯ ಸಲ ಸದ್ದಿಲ್ಲದೆ ಕಡಿಯುತ್ತದೆ. ಬೌಲರನ ಬೆನ್ನು ಈ ಎರಡನೆಯ ಜಾತಿಗೆ ಸೇರಿದುದು. ಭಾಲ್ಕಿಯ ಆ ನಾಲ್ಕನೆಯ ಎಸೆತ ಬಿರುಕನ್ನು ಮಾಡಲಿಲ್ಲ. ಅದು ಲೆಕ್ಕದಲ್ಲಿ ಕೊನೆಗೆ ಬಂದ ಎಸೆತ, ಅಷ್ಟೆ.

ಆದರೆ ಎಲುಬು ತಂತಿಯಲ್ಲ. ಅದು ಜೀವಂತ ವಸ್ತು. ಬಿದ್ದ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ ೧೮೯೨ರಲ್ಲಿಯೇ ಬರೆದನು. ಹಾಗಾದರೆ ಹೆಚ್ಚು ಎಸೆದಷ್ಟೂ ಬೆನ್ನು ಗಟ್ಟಿಯಾಗಬೇಕಲ್ಲವೆ? ಕೊನೆಗೆ ಆಗುತ್ತದೆ, ಆದರೆ ಮೊದಲು ಬಲಹೀನವಾಗುತ್ತದೆ. ಇದೇ ಈ ವಿಷಯದ ಮರ್ಮ. ಎಲುಬಿನಲ್ಲಿ ಎರಡು ಬಗೆಯ ಜೀವಕೋಶಗಳು ಕೆಲಸ ಮಾಡುತ್ತವೆ. ಒಂದು ಬಗೆಯವು ಸವೆದ ಎಲುಬನ್ನು ತೋಡಿ ತೆಗೆಯುವುವು. ಇನ್ನೊಂದು ಬಗೆಯವು ಆ ಗುಂಡಿಯಲ್ಲಿ ಹೊಸ ಎಲುಬನ್ನು ತುಂಬುವುವು. ತೋಡುವುದಕ್ಕೆ ಸುಮಾರು ಮೂರು ವಾರ ಸಾಕು. ತುಂಬುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಕೋಟೆಯ ಗೋಡೆಯಲ್ಲಿ ಸಡಿಲವಾದ ಕಲ್ಲನ್ನು ಕಿತ್ತು ಹೊಸದನ್ನು ಕೂಡಿಸುವ ಗೌಂಡಿಯನ್ನು ನೆನೆಯಿರಿ. ಹಳೆಯ ಕಲ್ಲು ಹೋಗಿ ಹೊಸದು ಬರುವ ನಡುವೆ ಆ ಗೋಡೆಯ ಮೇಲೆ ಮದ್ದುಗುಂಡಿನ ಬಂಡಿಯನ್ನು ಓಡಿಸಿದರೆ ಏನಾದೀತು? ಬೇಸಗೆಯೆಲ್ಲ ಸುಮ್ಮನಿದ್ದು ಪಂದ್ಯಗಳ ಕಾಲ ಬಂದೊಡನೆ ದಿನಕ್ಕೆ ಹದಿನೈದು ಓವರು ಎಸೆಯುವ ಹುಡುಗನು ಮಾಡುವುದು ಇದನ್ನೇ. ಮೇಲಾಗಿ ಆ ಸಣ್ಣ ಸೇತುವೆ ಪೂರ್ಣವಾಗಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹದಿನೈದರೊಳಗಿನ ವೇಗದ ಬೌಲರು ಒಂದು ಸರದಿಗೆ ೬, ದಿನಕ್ಕೆ ೧೨ ಓವರುಗಳಿಗಿಂತ ಹೆಚ್ಚು ಎಸೆಯಬಾರದೆಂದು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಇನ್ನು ನೋವಿನ ಮಾತು. ಎಸೆಯುವುದನ್ನು ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ನೋವು ಇಳಿಯುತ್ತದೆ. ಎಲುಬು ಕೂಡಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿರುವಂತೆ. “ನೋವು ಪೂರಾ ಹೋಗ್ಯಾದ್ರಿ” ಎಂಬುದು ನಿಜವಾದ ಮಾತೇ. ಆದರೆ ಅದು ಮೊದಲನೆಯ ಗಡಿಯಾರದ ಮಾತು. ಎರಡನೆಯದನ್ನು ಓದಲು ಎಂ.ಆರ್.ಐ. ಚಿತ್ರವೇ ಬೇಕು. ಹುಡುಗನನ್ನು ನಾವು ಅದಕ್ಕೆ ಕಳುಹಿಸಿದೆವು. ಐದನೆಯ ಮಣಿಯ ಎಡಗಡೆ ಬಿಳಿಯ ಕಲೆಯೊಂದು ಕಾಣಿಸಿತು. ಆಯ್ಕೆಯ ಮಾತು ಅಲ್ಲಿಗೆ ಮುಗಿಯಿತು. ಅವನು ಎರಡು ದಿನ ತರಗತಿಗೆ ಬರಲಿಲ್ಲ.

ಹಿಂದಿರುಗಿ ಬಂದಾಗ ಅವನು ಕೇಳಿದ್ದು ಒಂದೇ: ಇಂಥದಾದ ಮೇಲೆ ಯಾರಾದರೂ ಮತ್ತೆ ಕೊನೆಯ ಓವರು ಎಸೆದಿದ್ದಾರೆಯೆ?

ಎಸೆದಿದ್ದಾರೆ. ಆಸ್ಟ್ರೇಲಿಯದ ಡೆನಿಸ್ ಲಿಲಿಗೆ ೧೯೭೩ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನೆಲುಬು ಬಿರುಕುಬಿಟ್ಟಿತು. ೧೯೭೪ರ ಕೊನೆಯಲ್ಲಿ ಹಿಂದಿರುಗಿದ ಅವನು ೩೫೫ ಟೆಸ್ಟ್ ವಿಕೆಟ್ಟುಗಳೊಡನೆ ನಿವೃತ್ತನಾದನು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥರಿಗೆ ಕೆಟ್ಟುದು ಭುಜ. ೧೯೯೭ರ ವೆಸ್ಟ್ ಇಂಡೀಸ್ ಪ್ರವಾಸ ಅವರ ಕೈತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು. ೧೯೯೯ರ ಫೆಬ್ರವರಿಯಲ್ಲಿ ಕೊಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಅವರು ಒಂದೇ ಟೆಸ್ಟಿನಲ್ಲಿ ೧೩ ವಿಕೆಟ್ಟುಗಳನ್ನು ಪಡೆದರು.

ಅಮೆರಿಕದ ಬೇಸ್‌ಬಾಲಿನಲ್ಲಿ ಈ ಕಾಯಿಲೆ ಮೊಣಕೈಗೆ ಬರುತ್ತದೆ, ಬೆನ್ನಿಗಲ್ಲ. ಕಾರಣ ಸ್ವಾರಸ್ಯವಾದುದು. ಕ್ರಿಕೆಟಿನಲ್ಲಿ ಎಸೆಯುವಾಗ ಮೊಣಕೈಯನ್ನು ೧೫ ಡಿಗ್ರಿಗಿಂತ ಹೆಚ್ಚು ನೇರಮಾಡಬಾರದೆಂಬ ನಿಯಮವಿದೆ. ಬೇಸ್‌ಬಾಲಿನಲ್ಲಿ ಅಂಥ ನಿಯಮವಿಲ್ಲ. ಅಲ್ಲಿ ಓಟವಿಲ್ಲದೆ ಕೈಯನ್ನೇ ಚಾವಟಿಯಂತೆ ಬೀಸುವರು. ಆದಕಾರಣ ಎಳೆತವೆಲ್ಲ ಮೊಣಕೈ ಒಳಬದಿಯ ಒಂದು ಸಣ್ಣ ಅಸ್ಥಿರಜ್ಜುವಿನ ಮೇಲೆ. ಅದು ಹರಿದುಹೋದ ಟಾಮಿ ಜಾನ್ ಎಂಬ ಎಡಗೈ ಆಟಗಾರನಿಗೆ ೧೯೭೪ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಬಲಗೈಯ ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿಮಾಡಿದನು. ೧೯೭೫ರ ಪಂದ್ಯಗಳೆಲ್ಲ ತಪ್ಪಿದುವು; ೧೯೭೬ರಲ್ಲಿ ಮರಳಿದ ಜಾನ್ ತನ್ನ ೨೮೮ ಗೆಲುವುಗಳಲ್ಲಿ ೧೬೪ನ್ನು ಆಮೇಲೆಯೇ ಗಳಿಸಿದನು. ಆ ಆಟದಲ್ಲಿ ಕೊನೆಯ ಸರದಿಗೆಂದೇ ಕರೆಸುವ ಎಸೆತಗಾರನೊಬ್ಬನಿರುತ್ತಾನೆ. ಅವನನ್ನು ‘ಕ್ಲೋಸರ್’ ಎನ್ನುವರು, ಎಂದರೆ ಮುಗಿಸುವವನು. ನಮ್ಮ ಇಪ್ಪತ್ತು ಓವರಿನ ಆಟದಲ್ಲಿ ಹದಿನೆಂಟನೆಯ, ಇಪ್ಪತ್ತನೆಯ ಓವರು ಎಸೆಯುವವನೂ ಅಂಥವನೇ.

ಈ ಮುಗಿಸುವ ಕೆಲಸ ಏಕೆ ಕಷ್ಟ? ಮತ್ತೊಂದು ಲೆಕ್ಕ. ಎತ್ತರದ ಬೌಲರನ ಕೈಯಿಂದ ಚೆಂಡು ೨.೩ ಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ೩೯ ಮೀಟರ್ ವೇಗದಲ್ಲಿ ಬಿಡುಗಡೆಯಾಗಲಿ. ಗಾಳಿಯ ತಡೆಯನ್ನು ಬಿಡೋಣ. ದಾಂಡಿಗನ ಕಾಲ್ಬೆರಳ ಬಳಿ, ಹದಿನೇಳೂವರೆ ಮೀಟರ್ ದೂರದಲ್ಲಿ ಚೆಂಡು ಬೀಳಬೇಕಾದರೆ ಅದನ್ನು ೪.೩ ಡಿಗ್ರಿ ಕೆಳಮುಖವಾಗಿ ಬಿಡಬೇಕು. ಒಂದು ಮೀಟರ್ ಹಿಂದೆ ಬಿದ್ದರೆ ಅದೇ ಚೆಂಡು ಗಡಿಯಾಚೆ ಹೋಗುವಂಥದು. ಆ ಎಸೆತದ ಕೋನ ೪.೯ ಡಿಗ್ರಿ. ಗೆಲುವಿಗೂ ಸೋಲಿಗೂ ನಡುವೆ ಇರುವುದು ಒಂದು ಡಿಗ್ರಿಯ ಮೂರರಲ್ಲೆರಡು ಭಾಗಕ್ಕಿಂತಲೂ ಕಡಿಮೆ! ತಿರುಗುವ ಕೈಯ ವೇಗಕ್ಕೆ ಹೋಲಿಸಿದರೆ ಬೆರಳು ಚೆಂಡನ್ನು ಬಿಡುವುದರಲ್ಲಿ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೆಚ್ಚುಕಡಿಮೆ.

ಬೆನ್ನು ಮುರಿದುಕೊಂಡವನು ಮರಳಿ ಬಂದಾಗ ಅವನಿಗೆ ಅರಿವಿಲ್ಲದೆಯೇ ದೇಹವು ಆ ಜಾಗವನ್ನು ಕಾಪಾಡಿಕೊಳ್ಳುತ್ತದೆ. ಮುಂಗಾಲಿನ ಮಂಡಿ ಕೊಂಚ ಮಡಿಯುತ್ತದೆ. ನಡು ಕೊಂಚ ಕಡಿಮೆ ಬಾಗುತ್ತದೆ. ವೇಗಮಾಪಕದಲ್ಲಿ ವ್ಯತ್ಯಾಸ ಕಾಣದಿರಬಹುದು, ಕೋನದಲ್ಲಿ ಕಾಣುತ್ತದೆ. ಎಲುಬು ಮೊದಲು ಕೂಡುತ್ತದೆ, ಆಮೇಲೆ ವೇಗ ಬರುತ್ತದೆ, ಕೊನೆಯ ಓವರು ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೂಗಿ ಬೌಲರನು ಗುಣವಾದನೆಂದು ಸಾರುವ ವೀಕ್ಷಕ ವಿವರಣೆಕಾರರಿಗೆ ಇದನ್ನು ಯಾರಾದರೂ ತಿಳಿಸಿದರೆ ಒಳ್ಳೆಯದು.

ಬೆಂಗಳೂರಿನ ಪ್ರಸಿದ್ಧ ಕೃಷ್ಣ ಇದಕ್ಕೆ ನಮ್ಮ ಕಣ್ಣಮುಂದಿನ ಉದಾಹರಣೆ. ೨೦೨೧ರ ಮಾರ್ಚಿಯಲ್ಲಿ ಪುಣೆಯಲ್ಲಿ ಇಂಗ್ಲೆಂಡಿನ ವಿರುದ್ಧ ಆಡಿದ ಮೊದಲ ಏಕದಿನ ಪಂದ್ಯದಲ್ಲಿಯೇ ೫೪ ಓಟಗಳಿಗೆ ೪ ವಿಕೆಟ್ ಪಡೆದ ಈತನಿಗೆ ೨೦೨೨ರಲ್ಲಿ ಸೊಂಟದ ಎಲುಬಿನಲ್ಲಿ ಇದೇ ದಣಿವಿನ ಬಿರುಕು ಉಂಟಾಯಿತು. ಸುಮಾರು ಒಂದು ವರ್ಷ ಆಟವಿಲ್ಲ. ೨೦೨೩ರ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮರಳಿದನು; ಅಂಥದೇ ಬೆನ್ನುನೋವಿನಿಂದ ಮರಳಿದ ಜಸ್‌ಪ್ರೀತ್ ಬುಮ್ರಾ ಅಂದು ನಾಯಕ. ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೨೪ರ ಜನವರಿಯಲ್ಲಿ ರಣಜಿ ಪಂದ್ಯದಲ್ಲಿ ಎಡತೊಡೆಯ ಮುಂಭಾಗದ ಸ್ನಾಯು ಕೆಟ್ಟು, ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಲಗೈ ಬೌಲರನಿಗೆ ಎಡಗಾಲೇ ಮುಂಗಾಲು. ಆ ಸ್ನಾಯುವೇ ಮಂಡಿಯನ್ನು ನೆಟ್ಟಗೆ ಹಿಡಿಯುವುದು. ಮೂರೂ ಮುಕ್ಕಾಲು ಕ್ವಿಂಟಲಿನ ಲೆಕ್ಕ ಬೆನ್ನನ್ನು ಬಿಟ್ಟು ತೊಡೆಗೆ ಇಳಿಯಿತೆಂದೇ ನಮಗೆ ಅನಿಸುತ್ತದೆ. ಇದು ನಮ್ಮ ಊಹೆ, ವೈದ್ಯರ ಮಾತಲ್ಲ. ಆ ವರ್ಷದ ಐ.ಪಿ.ಎಲ್. ಕೂಡ ತಪ್ಪಿತು. ೨೦೨೫ರಲ್ಲಿ ಗುಜರಾತಿನ ತಂಡಕ್ಕೆ ಆಡಿ ೨೫ ವಿಕೆಟ್ಟುಗಳೊಡನೆ ಎಲ್ಲರಿಗಿಂತ ಮುಂದೆ ನಿಂತನು.

ಆದರೂ ಮುಗಿಸುವವನಾಗಿ ಅವನ ಪರೀಕ್ಷೆ ನಡೆದುದು ೨೦೨೫ರ ಆಗಸ್ಟ್ ೪ರಂದು ಲಂಡನ್ನಿನ ಓವಲ್ ಮೈದಾನದಲ್ಲಿ, ಅದೂ ಟೆಸ್ಟ್ ಪಂದ್ಯದ ಐದನೆಯ ಬೆಳಿಗ್ಗೆ. ಇಂಗ್ಲೆಂಡಿಗೆ ಬೇಕಾದುದು ೩೫ ಓಟ; ಉಳಿದುದು ನಾಲ್ಕು ವಿಕೆಟ್. ದಿನದ ಮೊದಲ ಎರಡು ಎಸೆತಗಳೂ ಪ್ರಸಿದ್ಧನವೇ; ಎರಡೂ ಬೌಂಡರಿಗೆ ಹೋದುವು. ಇನ್ನೊಂದು ತುದಿಯಿಂದ ಸಿರಾಜ್ ಎರಡು ವಿಕೆಟ್ ಕಿತ್ತನು. ಆಮೇಲೆ ಪ್ರಸಿದ್ಧ ಕೃಷ್ಣ ಜೋಶ್ ಟಂಗ್‌ನ ಕಾಲ ಬುಡಕ್ಕೆ ಚೆಂಡನ್ನು ಇಳಿಸಿ ಗೂಟವನ್ನು ಹಾರಿಸಿದನು, ಆ ೪.೩ ಡಿಗ್ರಿಯ ಎಸೆತ. ಭುಜ ಕೆಟ್ಟು ಒಂದು ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡು ಕ್ರಿಸ್ ವೋಕ್ಸ್ ಕೊನೆಯವನಾಗಿ ಇಳಿದುದನ್ನು ನೋಡಿದವರು ಮರೆಯಲಾರರು. ಭಾರತ ೬ ಓಟಗಳಿಂದ ಗೆದ್ದಿತು. ಪ್ರಸಿದ್ಧನಿಗೆ ಎರಡು ಸರದಿಗಳಲ್ಲಿ ನಾಲ್ಕು ನಾಲ್ಕು ವಿಕೆಟ್.

ಹಾಗೆಂದು ಅವನು ಬುಮ್ರಾನಂತೆ ಓವರು ಓವರಿಗೆ ಕಾಲ ಬುಡಕ್ಕೇ ಎಸೆಯುವವನಾಗುವನೆಂದು ನಾವು ಹೇಳಲಾರೆವು. ಎತ್ತರದಿಂದ ಅಂಕಣವನ್ನು ಬಲವಾಗಿ ಬಡಿದು ಚೆಂಡನ್ನು ಪುಟಿಸುವುದು ಅವನ ಸಹಜ ಗುಣ. ಅದಕ್ಕೆ ಕೋನದ ಮಿತಿ ಇಷ್ಟು ಬಿಗಿಯಲ್ಲ. ಕೊನೆಯ ನಾಲ್ಕು ಓವರುಗಳಲ್ಲಿ ಒಂದನ್ನು ಅವನಿಗೆ ಕೊಡಬಹುದು, ಎರಡನ್ನು ಕೊಡುವ ಮೊದಲು ಆ ವಾರ ಎಷ್ಟು ಎಸೆದಿದ್ದಾನೆಂದು ಎಣಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಔರಾದಿನ ಹುಡುಗನು ಎಣಿಸುವುದನ್ನು ಕಲಿತಿದ್ದಾನೆ. ನಾಲ್ಕು ತಿಂಗಳು ಚೆಂಡು ಮುಟ್ಟಲಿಲ್ಲ. ಎರಡನೆಯ ಚಿತ್ರದಲ್ಲಿ ಬಿಳಿಯ ಕಲೆ ಹೋದ ಮೇಲೆ, ವೈದ್ಯರು ಹೇಳಿದಂತೆ ದಿನ ಬಿಟ್ಟು ದಿನ ಹನ್ನೆರಡು ಎಸೆತಗಳಿಂದ ಮೊದಲುಮಾಡಿದನು. ಪ್ರಯೋಗದ ದಾಖಲೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಾನೆ. ಕಳೆದ ತಿಂಗಳು ಔರಾದಿನಲ್ಲಿ ಒಂದು ಪಂದ್ಯವಿತ್ತು. ಅವನು ಮೂರು ಓವರು ಎಸೆದಿದ್ದನು. ಕೊನೆಯ ಓವರಿಗೆ ಹನ್ನೊಂದು ಓಟ ಉಳಿದಾಗ ನಾಯಕನು ಚೆಂಡನ್ನು ಅವನತ್ತ ಎಸೆದನು. “ಇನ್ನಾ ಒಂದ್ ತಿಂಗಳು ಬ್ಯಾಡೋ” ಎಂದು ಇವನು ಅದನ್ನು ಹಿಂದಿರುಗಿಸಿದನಂತೆ. ಆ ಪಂದ್ಯವನ್ನು ಅವರು ಸೋತರು.