ಮನೆಯ ಗಣಕಯಂತ್ರದ ಪೋಷಣೆಯೂ ಅದರ ಮೂಲಕ ಒದಗುವ ಮೋಸಗಳ ನಿವಾರಣೆಯೂ

ಜಮೀನಿನ ಲೆಕ್ಕಪತ್ರಗಳು ಶಾನುಭೋಗರ ದಫ್ತರದಲ್ಲಿ ಬಟ್ಟೆಯ ಗಂಟುಗಳೊಳಗೆ ಅಡಗಿರುತ್ತಿದ್ದ ಕಾಲವು ಎಂದೋ ಕಳೆದುಹೋಯಿತು. 2000ನೆಯ ಇಸವಿಯ ಸುಮಾರಿನಲ್ಲಿ ಕರ್ನಾಟಕ ಸರ್ಕಾರದವರು ಭೂಮಿ ಎಂಬ ಯೋಜನೆಯ ಮೇರೆಗೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಅಲ್ಲಿಂದ ಮುಂದೆ ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿಯು ಚಲಾವಣೆಯಿಂದ ಬಿದ್ದುಹೋಯಿತು. ಈಗ ಪಹಣಿ, ಬೆಳೆವಿಮೆ, ಮಾರುಕಟ್ಟೆಯ ಧಾರಣೆ, ಸಹಾಯಧನ ಮೊದಲಾದ ವ್ಯವಹಾರಗಳು ಬಹುಮಟ್ಟಿಗೆ ಈ ಯಂತ್ರದ ಮೂಲಕವೇ ನಡೆಯುತ್ತಿರುವುದರಿಂದ, ಅನುಕೂಲವಂತರಾದ ಜಮೀನುದಾರರೂ ಗ್ರಾಮದ ಮುಖ್ಯಸ್ಥರೂ ತಮ್ಮ ಮನೆಯಲ್ಲಿಯೇ ಒಂದು ಕಂಪ್ಯೂಟರನ್ನು ಇಟ್ಟುಕೊಂಡಿರುವುದು ಅಪೂರ್ವವೇನೂ ಅಲ್ಲ. ಆದರೆ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ನೀರನ್ನು ಒದಗಿಸುವ ಗೃಹಸ್ಥರೂ ಸಹ ಈ ಯಂತ್ರವನ್ನು ಮಾತ್ರ ಕೊಂಡ ದಿನದಿಂದ ಕೆಡುವ ದಿನದವರೆಗೆ ಒಮ್ಮೆಯಾದರೂ ಒರಸಿ ನೋಡುವುದಿಲ್ಲ.

ಗಣಕಯಂತ್ರಕ್ಕೆ ಮೊದಲನೆಯ ಶತ್ರುವು ಧೂಳು. ಯಂತ್ರದೊಳಗಿನ ಬೀಸಣಿಗೆಯು ಹೊರಗಿನ ಗಾಳಿಯನ್ನು ಸೆಳೆದು ಒಳಗಿನ ಕಾವನ್ನು ಹೊರದೂಡುತ್ತದೆ. ಗಾಳಿಯ ಸಂಗಡ ಬಂದ ಧೂಳು ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತು ಕಾವನ್ನು ಒಳಗೇ ತಡೆಯುತ್ತದೆ. ಆಗ ಯಂತ್ರವು ನಿಧಾನವಾಗುವುದೂ, ಬೀಸಣಿಗೆಯು ಗಟ್ಟಿಯಾಗಿ ಸದ್ದುಮಾಡುವುದೂ, ಕಡೆಗೆ ತಾನಾಗಿಯೇ ಆರಿಹೋಗುವುದೂ ಕಂಡುಬರುತ್ತದೆ. ಒಕ್ಕಣೆಯ ಕಾಲದಲ್ಲಿ ಕಣಕ್ಕೆ ಹತ್ತಿರವಾದ ಮನೆಗಳಲ್ಲಿ ಈ ತೊಂದರೆಯು ಹೆಚ್ಚು. ಆದಕಾರಣ ಯಂತ್ರವನ್ನು ನೆಲದ ಮೇಲಾಗಲಿ ಗೋಡೆಗೆ ಒತ್ತಾಗಲಿ ಇಡದೆ, ಸುತ್ತಲೂ ಒಂದು ಗೇಣಿನಷ್ಟು ಬಿಟ್ಟು, ಮೇಜಿನ ಮೇಲೆ ಇರಿಸತಕ್ಕದ್ದು. ಅದು ನಡೆಯುತ್ತಿರುವಾಗ ಅಂದಕ್ಕಾಗಿ ಮೇಲೆ ಕಸೂತಿಯ ಬಟ್ಟೆಯನ್ನು ಹೊದಿಸುವ ಪದ್ಧತಿಯು ಅಂದವಾಗಿದ್ದರೂ ಹಾನಿಕರವಾದುದು. ಮೂರು ನಾಲ್ಕು ತಿಂಗಳಿಗೊಮ್ಮೆ ತಂತಿಯನ್ನು ಕಿತ್ತು, ಪಕ್ಕದ ತಗಡನ್ನು ತೆಗೆದು, ಒಣಗಿದ ಮೆತ್ತನೆಯ ಕುಂಚದಿಂದ ಧೂಳನ್ನು ಹೊರಕ್ಕೆ ಸವರಬೇಕು. ಆಗ ಬೀಸಣಿಗೆಯು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಒದ್ದೆಬಟ್ಟೆಯು ಕೂಡದು. ವಿದ್ಯುತ್ತನ್ನು ಒದಗಿಸುವ ಒಳಗಿನ ಚಿಕ್ಕ ತಗಡಿನ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣದಿಂದಲೂ ಬಿಚ್ಚಬಾರದು. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಕೆಲವು ಕಾಲ ಉಳಿದಿರುತ್ತದೆ.

ಎರಡನೆಯ ಶತ್ರುವು ವಿದ್ಯುತ್ತಿನ ಏರಿಳಿತ. ನಮ್ಮ ಮನೆಗಳಿಗೆ 230 ವೋಲ್ಟಿನ ವಿದ್ಯುತ್ತು ಬರತಕ್ಕದ್ದೆಂದು ನಿಯಮವಿದ್ದರೂ, ಊರಿನ ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಹೊರಟಾಗ ಅದು ತಗ್ಗುವುದೂ, ಒಟ್ಟಿಗೆ ನಿಂತಾಗ ಏರುವುದೂ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಯುಪಿಎಸ್ ಎಂಬ ಬ್ಯಾಟರಿಯ ಪೆಟ್ಟಿಗೆಯನ್ನು ನಡುವೆ ಇಟ್ಟರೆ ಹಠಾತ್ತಾಗಿ ದೀಪ ಹೋದಾಗ ಕೆಲಸವನ್ನು ಉಳಿಸಿಕೊಂಡು ಯಂತ್ರವನ್ನು ಕ್ರಮವಾಗಿ ಮುಚ್ಚಲು ಕೆಲವು ನಿಮಿಷಗಳ ಅವಕಾಶ ಸಿಕ್ಕುತ್ತದೆ. ಅದರ ಬ್ಯಾಟರಿಯು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳಲ್ಲಿ ಸತ್ವಹೀನವಾಗುವುದರಿಂದ ಹೊಸದನ್ನು ಹಾಕಿಸಬೇಕು. ಗೋಡೆಯ ಪ್ಲಗ್ಗಿಗೆ ಭೂಸಂಪರ್ಕದ ತಂತಿಯು ನಿಜವಾಗಿಯೂ ಇದೆಯೇ ಎಂಬುದನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವುದು ಲೇಸು. ಮೂರು ತೂತುಗಳಿದ್ದು ಮೂರನೆಯದಕ್ಕೆ ತಂತಿಯೇ ಇಲ್ಲದ ಮನೆಗಳು ಬೇಕಾದಷ್ಟಿವೆ. ಏಪ್ರಿಲ್, ಮೇ ತಿಂಗಳುಗಳ ಗುಡುಗು ಸಿಡಿಲಿನ ಮಳೆಯಲ್ಲಿ ಗುಂಡಿಯನ್ನು ಆರಿಸಿದರೆ ಸಾಲದು. ಮೋಡವು ಕವಿಯುತ್ತಿರುವಾಗಲೇ ವಿದ್ಯುತ್ತಿನ ಪ್ಲಗ್ಗನ್ನೂ ಅಂತರ್ಜಾಲದ ತಂತಿಯನ್ನೂ ಎರಡನ್ನೂ ಕಿತ್ತಿಡಬೇಕು. ಗುಡುಗು ಶುರುವಾದ ಮೇಲೆ ತಂತಿಗಳನ್ನು ಮುಟ್ಟುವುದೇ ಅಪಾಯ. ಮೊದಲನೆಯದನ್ನು ಕಿತ್ತು ಎರಡನೆಯದನ್ನು ಮರೆತು ಯಂತ್ರವನ್ನು ಸುಟ್ಟುಕೊಂಡವರುಂಟು.

ಯಂತ್ರವು ಕೆಟ್ಟಿತೆಂದು ಪೇಟೆಗೆ ಹೊತ್ತುಕೊಂಡು ಹೋಗುವ ಮೊದಲು ಮನೆಯಲ್ಲಿಯೇ ಮಾಡತಕ್ಕ ಪರೀಕ್ಷೆಗಳು ಕೆಲವಿವೆ. ದೀಪವೇ ಹತ್ತದಿದ್ದರೆ ಅದೇ ಪ್ಲಗ್ಗಿಗೆ ಬೇರೆ ದೀಪವನ್ನು ಸೇರಿಸಿ ನೋಡಬೇಕು. ದೀಪವು ಹತ್ತಿದರೂ ಪರದೆಯು ಕಪ್ಪಾಗಿದ್ದರೆ ಪರದೆಯ ತಂತಿಯನ್ನು ಎರಡೂ ಕಡೆ ಕಿತ್ತು ಮತ್ತೆ ಬಿಗಿಯಾಗಿ ಕೂರಿಸಬೇಕು. ಇಲಿಯು ತಂತಿಯನ್ನು ಕಡಿದಿರುವುದೂ ಉಂಟು. ಯಂತ್ರವು ಸ್ತಬ್ಧವಾಗಿ ಯಾವುದಕ್ಕೂ ಉತ್ತರ ಕೊಡದಿದ್ದರೆ ಚಾಲನೆಯ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊತ್ತಿಸಬೇಕು. ಅಂತರ್ಜಾಲವು ಬಾರದಿದ್ದರೆ ಅದರ ಪೆಟ್ಟಿಗೆಯನ್ನೂ ಹೀಗೆಯೇ ಆರಿಸಿ ಹೊತ್ತಿಸುವುದರಿಂದ ಅರ್ಧಕ್ಕರ್ಧ ದೂರುಗಳು ಅಲ್ಲಿಯೇ ತೀರುತ್ತವೆ.

ಎರಡು ಸಂಗತಿಗಳು ಜನರನ್ನು ವೃಥಾ ಗಾಬರಿಪಡಿಸುವುದರಿಂದ ಇಲ್ಲಿ ಹೇಳಬೇಕಾಗಿದೆ. ಬ್ಯಾಂಕಿನ ಮತ್ತು ಸರ್ಕಾರದ ಜಾಲತಾಣಗಳೆಲ್ಲ ಒಮ್ಮೆಗೇ ತೆರೆಯದೆ, ಸಂಪರ್ಕವು ಸುರಕ್ಷಿತವಲ್ಲವೆಂಬ ಎಚ್ಚರಿಕೆಯು ಬರುತ್ತಿದ್ದರೆ ಮೊದಲು ಪರದೆಯ ಮೂಲೆಯಲ್ಲಿರುವ ತಾರೀಖನ್ನು ನೋಡಬೇಕು. ಯಂತ್ರದೊಳಗೆ ರೂಪಾಯಿಯ ನಾಣ್ಯದಂತಿರುವ 3 ವೋಲ್ಟಿನ ಬ್ಯಾಟರಿಯೊಂದು ಗಡಿಯಾರವನ್ನು ನಡೆಸುತ್ತದೆ. ಅದು ಮುಗಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಜಾಲತಾಣದ ಪ್ರಮಾಣಪತ್ರದ ಅವಧಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಅಲ್ಪ ಬೆಲೆಯ ಈ ಬ್ಯಾಟರಿಗಾಗಿ ಇಡೀ ಯಂತ್ರವನ್ನೇ ಬದಲಾಯಿಸಿದವರಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು, ಕನ್ನಡದ ಕಾಗದವು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುವುದು. ಇದು ವೈರಸ್ಸಿನ ಉಪದ್ರವವಲ್ಲ. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಕೋಶದಲ್ಲಿ ಬರೆದ ಕಾಗದವು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಹಾಗೆಯೇ ತೋರುತ್ತದೆ. ಅದನ್ನು ಹಾಕಿಕೊಂಡರೆ ಅಥವಾ ಯುನಿಕೋಡಿಗೆ ಪರಿವರ್ತಿಸಿದರೆ ಓದಲು ಬರುತ್ತದೆ.

ಗಟ್ಟಿತಟ್ಟೆ ಎಂಬ ಸಂಗ್ರಹಭಾಗದಿಂದ ಟಿಕ್ ಟಿಕ್ಕೆಂಬ ಹೊಸ ಸದ್ದು ಕೇಳಿಬಂದರೆ ಮಾತ್ರ ಸ್ವಲ್ಪವೂ ತಡಮಾಡಕೂಡದು. ಕ್ರಯಪತ್ರಗಳ ಪ್ರತಿ, ಲೆಕ್ಕ, ಭಾವಚಿತ್ರ ಮೊದಲಾದವನ್ನು ಕೂಡಲೆ ಬೇರೆಡೆಗೆ ನಕಲು ಮಾಡಬೇಕು. ವಾಸ್ತವವಾಗಿ ಸದ್ದಿಗಾಗಿ ಕಾಯುವುದೇ ತಪ್ಪು. ಬಿತ್ತನೆಯ ಬೀಜವನ್ನು ಒಂದೇ ವಾಡೆಯಲ್ಲಿ ಇಡದ ರೈತನು ಕಾಗದಪತ್ರಗಳನ್ನು ಒಂದೇ ತಟ್ಟೆಯಲ್ಲಿ ಇಡುವುದೇಕೆ? ಮೂಲವಲ್ಲದೆ ಇನ್ನೆರಡು ಪ್ರತಿಗಳಿದ್ದು, ಅವುಗಳಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರುವುದು ಉತ್ತಮ.

ಯಂತ್ರದ ಮೂಲ ತಂತ್ರಾಂಶವನ್ನು ತಯಾರಕರು ಆಗಾಗ ಪರಿಷ್ಕರಿಸುತ್ತಿರುತ್ತಾರೆ. ಅದನ್ನು ಮುಂದಕ್ಕೆ ಹಾಕುವುದರ ಫಲವು 2017ನೆಯ ಇಸವಿ ಮೇ 12ರಂದು ಲೋಕಕ್ಕೆ ತಿಳಿದುಬಂತು. ವಾನಕ್ರೈ ಎಂಬ ದುಷ್ಟ ತಂತ್ರಾಂಶವು ಕೆಲವೇ ದಿನಗಳಲ್ಲಿ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹೊಕ್ಕು, ಕಡತಗಳಿಗೆ ಬೀಗವನ್ನು ಜಡಿದು, ಬಿಡುಗಡೆಗೆ 300 ಡಾಲರುಗಳನ್ನು ಕೇಳಿತು; ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದನ್ನು ತಡೆಯುವ ಪರಿಷ್ಕರಣವು ಎರಡು ತಿಂಗಳ ಮೊದಲೇ ಹೊರಟಿತ್ತು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದನ್ನು ಇಟ್ಟುಕೊಂಡಿರುವವರು ಆಲೋಚಿಸತಕ್ಕ ಕಾಲ ಬಂದಿದೆ.

ಇಷ್ಟಾದರೂ, ಈಚಿನ ವರ್ಷಗಳಲ್ಲಿ ಜಮೀನುದಾರರಿಗೆ ಆಗಿರುವ ದೊಡ್ಡ ನಷ್ಟವು ಧೂಳಿನಿಂದಲೂ ಅಲ್ಲ, ಸಿಡಿಲಿನಿಂದಲೂ ಅಲ್ಲ, ಮಾತಿನಿಂದ. ಪಿಎಂ ಕಿಸಾನ್ ಯೋಜನೆಯಲ್ಲಿ ರೈತನಿಗೆ ವರ್ಷಕ್ಕೆ 6000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆಂಬುದು ಊರಿಗೆಲ್ಲ ತಿಳಿದ ವಿಷಯ, ಮೋಸಗಾರರಿಗೂ ತಿಳಿದಿದೆ. ಆ ಹೆಸರಿಟ್ಟ, ಅಥವಾ ಮದುವೆಯ ಆಮಂತ್ರಣವೆಂಬ ಹೆಸರಿಟ್ಟ ಕಡತವೊಂದು ವಾಟ್ಸಾಪಿನಲ್ಲಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆಮಂತ್ರಣವಲ್ಲ, ದೂರವಾಣಿಯೊಳಗೆ ನೆಲಸುವ ತಂತ್ರಾಂಶ. ಬ್ಯಾಂಕಿನಿಂದ ಬರುವ ಗುಪ್ತಸಂಖ್ಯೆಗಳನ್ನು ಕಳ್ಳನಿಗೆ ಮುಟ್ಟಿಸಬಲ್ಲದು. ಪರಿಚಿತರ ಸಂಖ್ಯೆಯಿಂದ ಬಂದಿತೆಂಬುದು ಧೈರ್ಯಕ್ಕೆ ಕಾರಣವಲ್ಲ, ಆ ಪರಿಚಿತರ ದೂರವಾಣಿಯೇ ಮೊದಲು ಕಳ್ಳನ ವಶವಾಗಿರಬಹುದು. ಗಣಕಯಂತ್ರದ ಪರದೆಯ ತುಂಬ ಕೆಂಪು ಬರಹವು ಹರಡಿ, ವೈರಸ್ಸು ಹೊಕ್ಕಿದೆ, ಈ ಸಂಖ್ಯೆಗೆ ಕರೆಮಾಡಿರೆಂದು ಕೂಗಿದರೆ ಕರೆಮಾಡದೆ ಯಂತ್ರವನ್ನು ಆರಿಸಬೇಕು. ಕರೆಮಾಡಿದವರಿಂದ ದೂರದಲ್ಲಿ ಕುಳಿತು ಪರದೆಯನ್ನು ನೋಡುವ ತಂತ್ರಾಂಶವೊಂದನ್ನು ಹಾಕಿಸಿ, ಅವರ ಕಣ್ಣೆದುರಿಗೇ ಖಾತೆಯನ್ನು ಬರಿದುಮಾಡುವುದು ಇವರ ಕ್ರಮ. ಹಣವನ್ನು ಪಡೆಯುವುದಕ್ಕೆ ಯುಪಿಐ ಗುಪ್ತಸಂಖ್ಯೆಯು ಎಂದಿಗೂ ಬೇಕಾಗುವುದಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಪೊಲೀಸರ ವೇಷದಲ್ಲಿ ವೀಡಿಯೋ ಕರೆಮಾಡಿ ಮನೆಯಲ್ಲಿಯೇ ಬಂಧಿಸಿದ್ದೇವೆಂದು ಹೆದರಿಸುವ ಡಿಜಿಟಲ್ ಅರೆಸ್ಟು ಎಂಬುದಂತೂ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಬೆರಳಚ್ಚಿನ ವಿಷಯವು ಜಮೀನುಳ್ಳವರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಆಧಾರಿನ ಸಂಖ್ಯೆಯೂ ಬೆರಳಿನ ಗುರುತೂ ಇದ್ದರೆ ಬ್ಯಾಂಕು ಮಿತ್ರರ ಯಂತ್ರದಲ್ಲಿ ಹಣವನ್ನು ಪಡೆಯಬಹುದು, ಗುಪ್ತಸಂಖ್ಯೆಯು ಬೇಕಿಲ್ಲ. 2023ರಲ್ಲಿ ಕರ್ನಾಟಕದಲ್ಲಿ ನೋಂದಣಿಯಾದ ಕ್ರಯಪತ್ರಗಳ ಪ್ರತಿಗಳಿಂದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಹಣವನ್ನು ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗವನ್ನು ಹಾಕುವ ಅನುಕೂಲವಿದ್ದು, ಕ್ರಯಪತ್ರವನ್ನು ಬರೆದುಕೊಟ್ಟ ಪ್ರತಿಯೊಬ್ಬರೂ ಇದನ್ನು ಉಪಯೋಗಿಸುವುದು ಉಚಿತ. ಪಡಿತರಕ್ಕೆ ಬೆರಳೊತ್ತುವ ದಿನ ಬೀಗವನ್ನು ತೆರೆದು ಮತ್ತೆ ಹಾಕಬೇಕಾಗುವುದೊಂದೇ ಇದರ ತೊಡಕು.

ಹಣವು ಹೋದದ್ದು ತಿಳಿದ ಕ್ಷಣವೇ 1930 ಎಂಬ ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ಕದ್ದ ಹಣವು ಖಾತೆಯಿಂದ ಖಾತೆಗೆ ಹಾರುತ್ತ ಹೋಗುವುದರಿಂದ ಮೊದಲ ಒಂದೆರಡು ಗಂಟೆಗಳಲ್ಲಿ ಅದನ್ನು ನಡುದಾರಿಯಲ್ಲಿ ತಡೆಯುವ ಸಂಭವವು ಹೆಚ್ಚು. ಮಾನಕ್ಕೆ ಅಂಜಿ ಮಕ್ಕಳಿಗೂ ಹೇಳದೆ ಎರಡು ದಿನ ಕೂತ ಹಿರಿಯರಿಗೆ ಈ ಅವಕಾಶವು ತಪ್ಪಿಹೋಗುತ್ತದೆ. ಗ್ರಾಮದ ಮುಖ್ಯಸ್ಥರು ಈ ಸಂಖ್ಯೆಯನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಸಿ, ಬಂದವರನ್ನು ಗದರಿಸದೆ ಕರೆಮಾಡಿಸುವುದು ಯುಕ್ತ. ಗಣಕಯಂತ್ರದ ಮೂಲಕ ಪರರ ಸೋಗುಹಾಕಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಪ್ರಕರಣದಲ್ಲಿ ಮೂರು ವರ್ಷಗಳವರೆಗೆ ಕಾರಾಗೃಹವಾಸವೂ 1 ಲಕ್ಷ ರೂಪಾಯಿವರೆಗೆ ಜುಲ್ಮಾನೆಯೂ ಉಂಟು. ದೂರು ಕೊಡುವವರೆಗೆ ಬಂದ ಸಂದೇಶಗಳನ್ನಾಗಲಿ ಕರೆಗಳ ಪಟ್ಟಿಯನ್ನಾಗಲಿ ಅಳಿಸಕೂಡದು. ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಗುಪ್ತಪದಗಳನ್ನು ಬೇರೊಂದು ಶುದ್ಧವಾದ ಯಂತ್ರದಿಂದ ಬದಲಾಯಿಸತಕ್ಕದ್ದು.