ಅಪ್ಪನ ಮೇಜಿಗೆ ಪಾಲಿಶ್

ಅಪ್ಪನ ತೇಗದ ಮೇಜಿನ ಹಳೆಯ ಪಾಲಿಶ್ ಕಪ್ಪಾಗಿ ಕೈಗೆ ಅಂಟುತ್ತಿತ್ತು. ‘ಗುಜರಿಗೆ ಕೊಟ್ಟುಬಿಡೋಣ’ ಎಂದೆ. ಅಮ್ಮ ಏನೂ ಹೇಳದೆ ಒಳಗೆ ಹೋದರು. ಆ ಭಾನುವಾರವೇ ಮಗಳ ಜೊತೆ ಅಂಗಳದಲ್ಲಿ ಉಪ್ಪುಕಾಗದ ಹಿಡಿದು ಕೂತೆ.

ಮೊದಲು 80 ನಂಬರಿನದು, ಆಮೇಲೆ 120, ಕೊನೆಗೆ 220. ನಂಬರು ಹೆಚ್ಚಿದಷ್ಟೂ ಕಾಗದ ನಯ. ಮರದ ಎಳೆ ಸಾಗಿದ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದರೆ ಬಿದ್ದ ಗೀರು ಪಾಲಿಶ್ ಹಚ್ಚಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. (ಒಂದು ಮೂಲೆ ಕೆಡಿಸಿಯೇ ಕಲಿತೆ.) ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡಿ.

ಮಧ್ಯಾಹ್ನಕ್ಕೆ ಜೇನಿನ ಬಣ್ಣದ ಮರ ಕಂಡಿತು. ಒಂದು ನೀಲಿ ಕಲೆ ಮಾತ್ರ ಹೋಗಲಿಲ್ಲ. ಮತ್ತೆ 80 ಹಿಡಿದಾಗ ಅಮ್ಮ ಬಂದು ಕೈ ತಡೆದರು. ‘ಬಿಡೋ. ಮೂರನೇ ಕ್ಲಾಸಲ್ಲಿ ನೀನೇ ಇಂಕು ಚೆಲ್ಲಿದ್ದು. ನಿಮ್ಮಪ್ಪ ಅದನ್ನ ಕೆರೆಯೋಕೆ ಬಿಟ್ಟಿರಲಿಲ್ಲ.’

ಕಲೆ ಉಳಿಯಿತು. ಧೂಳು ಒರೆಸಿದೆವು. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ (ಒಲೆಯಿಂದ ದೂರ!), ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ, ತೆಳ್ಳಗೆ ಐದಾರು ಸಲ ಬಳಿದೆವು. ಈ ಪಾಲಿಶ್‌ಗೆ ಬಿಸಿ ಆಗದು. ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಏಳುತ್ತದೆ. ಮಗಳು ಈಗ ಅಲ್ಲೇ ಹೋಂವರ್ಕ್ ಮಾಡುತ್ತಾಳೆ. ನಾನು ಕಾಫಿ ಹಿಡಿದು ಹತ್ತಿರ ಬಂದರೆ ಸಾಕು, ಕೈ ಅಡ್ಡ ಹಿಡಿಯುತ್ತಾಳೆ.